ಫಿಂಚ್‌ಗಳಿಗೆ ಹಾಲುಗಾಳಿನ ತೆನೆ: ಮಹಡಿಯ ಮೇಲೆ ಬರಗು, ನವಣೆ, ಊದಲು ಬೆಳೆಯುವ ಬಗೆ

ಹಕ್ಕಿ ಆಹಾರದ ಅಂಗಡಿಯಿಂದ ‘ಸ್ಪ್ರೇ ಮಿಲೆಟ್’ ಎಂದು ಬರೆದ ಪೊಟ್ಟಣವೊಂದನ್ನು ತಂದಿದ್ದೆ. ಒಳಗೆ ಆರು ಒಣ ತೆನೆ. ಅಮ್ಮ ಒಂದನ್ನು ಕೈಗೆತ್ತಿಕೊಂಡು, ‘ಇದು ನವಣೆ ಕಣೇ, ಇದಕ್ಕೂ ದುಡ್ಡು ಕೊಟ್ಟು ಬಂದ್ಯಾ?’ ಅಂದರು. ಪಾವಗಡದ ಕಡೆಯ ಹೊಲದಲ್ಲಿ ನವಣೆಗೆ ಬರುವ ಹಕ್ಕಿ ಓಡಿಸಿಕೊಂಡು ಬೆಳೆದವರು ಅವರು. ಅದೇ ಅಂಗಡಿಯಲ್ಲಿ ‘ಕಂಗ್ನಿ’ ಎಂದು ಕಿಲೋ ಲೆಕ್ಕದಲ್ಲಿ ತೂಗಿಕೊಡುವುದೂ ನವಣೆಯೇ, ಹೆಸರು ಮಾತ್ರ ಹಿಂದಿಯದು. ಅಲ್ಲಿಂದ ನಮ್ಮ ತುಮಕೂರಿನ ಮನೆಯ ಮಹಡಿಯ ಮೇಲೆ ನಾಲ್ಕು ವರ್ಷದಿಂದ ಎರಡು ಜೋಡಿ ಜೀಬ್ರಾ ಫಿಂಚ್‌ಗಳಿಗೆಂದೇ ತೆನೆ ಬೆಳೆಯುತ್ತಿದ್ದೇನೆ. ಮೊದಲ ವರ್ಷ ಒಂದು ತೆನೆಯೂ ಹಕ್ಕಿಯ ಬಾಯಿಗೆ ಸೇರಲಿಲ್ಲ. ಏಕೆಂಬುದು ಮುಂದೆ ಬರುತ್ತದೆ.

ಶುರುವಿಗೇ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಪಂಜರದಲ್ಲೇ ಹುಟ್ಟಿ ಬೆಳೆದ ಜೀಬ್ರಾ, ಬೆಂಗಲೀಸ್, ಗೌಲ್ಡಿಯನ್ ಫಿಂಚ್‌ಗಳ ವಿಷಯ. ನಮ್ಮ ಗದ್ದೆ, ಹುಲ್ಲುಗಾವಲಿನ ರಾಟವಾಳಗಳು, ಅಂದರೆ ಮುನಿಯ ಹಕ್ಕಿಗಳು, ಇವುಗಳ ಬಳಗದವೇ ಆದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಸಂತೆಯಲ್ಲಿ ಯಾರಾದರೂ ಬಣ್ಣ ಬಳಿದ ಮುನಿಯಗಳನ್ನು ‘ಫಿಂಚ್’ ಎಂದು ತೋರಿಸಿದರೆ ಕೊಳ್ಳಬೇಡಿ.

ಒಣ ಕಾಳು ಇರುವಾಗ ಹಸಿ ತೆನೆ ಯಾಕೆ

ಜೀಬ್ರಾ ಫಿಂಚ್‌ನ ತವರು ಆಸ್ಟ್ರೇಲಿಯಾದ ಒಣನಾಡು. ಅಲ್ಲಿ ಮಳೆಗೆ ಗೊತ್ತಾದ ತಿಂಗಳೆಂಬುದಿಲ್ಲ. ಮಳೆ ಬಿದ್ದು, ಹುಲ್ಲು ಚಿಗುರಿ ಕಾಳು ಕಟ್ಟುವ ಹೊತ್ತಿಗೆ ಹಕ್ಕಿಗಳು ಗೂಡು ಕಟ್ಟುತ್ತವೆ. ಮರಿಗಳಿಗೆ ತಾಯಿತಂದೆ ಉಣಿಸುವುದು ಹೆಚ್ಚಾಗಿ ಈ ಎಳೆಯ, ಅರೆಬಲಿತ ಕಾಳನ್ನು. ಮೆತ್ತಗಿರುತ್ತದೆ, ನೀರಿನ ಅಂಶ ಹೆಚ್ಚು, ಪುಟ್ಟ ಮರಿಗೂ ಅರಗುತ್ತದೆ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀತನಿ ತಿಂದವರಿಗೆ ಹಸಿ ಜೋಳದ ಕಾಳಿಗೂ ಒಣ ಜೋಳಕ್ಕೂ ಇರುವ ದೂರ ಗೊತ್ತು.

ಹಾಗಾಗಿ ನಾವು ಬೆಳೆಯುವುದು ಧಾನ್ಯಕ್ಕಲ್ಲ. ಒಣ ಕಾಳೇ ಬೇಕಿದ್ದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದಕ್ಕಾಗಿ ಮೂರು ತಿಂಗಳು ನೀರು ಹೊರುವುದು ದಂಡ. ಬೇಕಿರುವುದು ಕಾಳಿನಲ್ಲಿ ಹಾಲು ತುಂಬಿರುವ ಆ ಎಂಟು-ಹತ್ತು ದಿನಗಳ ತೆನೆ, ಅದೂ ಗೂಡಿನಲ್ಲಿ ಮರಿ ಇರುವಾಗ. ಈ ಎರಡನ್ನು ಒಂದೇ ಸಮಯಕ್ಕೆ ಕೂಡಿಸುವುದರಲ್ಲೇ ಇಡೀ ಕೆಲಸವಿದೆ.

ಯಾವುದನ್ನು ಬಿತ್ತಬೇಕು

ಹೊಸಬರು ಬರಗಿನಿಂದ ಶುರುಮಾಡಿ. ಸಿರಿಧಾನ್ಯಗಳಲ್ಲೇ ಬೇಗ ಬರುವಂಥದ್ದು. ಬಿತ್ತಿದ 45-50 ದಿನಕ್ಕೆ ಹಾಲುಗಾಳು, 65-75 ದಿನಕ್ಕೆ ಪೂರ್ತಿ ಮಾಗುತ್ತದೆ. ತೆನೆ ಬಿಡಿಬಿಡಿಯಾಗಿ ಜೋತುಬೀಳುವುದರಿಂದ ಫಿಂಚ್‌ಗಳಿಗೆ ಕುಕ್ಕಲು ಸುಲಭ. ಕಾಳು ನವಣೆಗಿಂತ ದಪ್ಪ, ಜೀಬ್ರಾಗೂ ಬೆಂಗಲೀಸ್‌ಗೂ ಪ್ರೀತಿ.

ನವಣೆಗೆ ಇನ್ನೂ ಹತ್ತು-ಹನ್ನೆರಡು ದಿನ ಹೆಚ್ಚು ಕಾಯಬೇಕು. ಹಾಲುಗಾಳು ಸುಮಾರು 60ನೇ ದಿನಕ್ಕೆ, ಕಟಾವು 80-90 ದಿನಕ್ಕೆ. ಆದರೆ ಇಡೀ ತೆನೆಯನ್ನು ಪಂಜರದಲ್ಲಿ ಸಿಕ್ಕಿಸಿಬಿಡಬಹುದು, ಕಾಳು ಚೆಲ್ಲಾಡುವುದು ಕಡಿಮೆ, ಒಣಗಿಸಿ ಇಡಲೂ ಬರುತ್ತದೆ. ಮಹಡಿಯಲ್ಲಿ ಒಂದೇ ಬೆಳೆಗೆ ಜಾಗವಿದ್ದರೆ ನನ್ನ ಮತ ನವಣೆಗೆ.

ಊದಲು ತೆಂಡೆ, ಅಂದರೆ ಬುಡದಿಂದ ಪಕ್ಕದ ಕವಲು, ಚೆನ್ನಾಗಿ ಒಡೆಯುತ್ತದೆ, ನೀರು ಸ್ವಲ್ಪ ಹೆಚ್ಚಾದರೂ ಸಹಿಸುತ್ತದೆ. ತೆನೆ ಕತ್ತರಿಸಿದ ಮೇಲೆ ಬುಡದಿಂದ ಮತ್ತೆ ಚಿಗುರಿ ಇನ್ನೊಂದಿಷ್ಟು ಸಣ್ಣ ತೆನೆ ಕೊಡುತ್ತದೆ. ಸಾಮೆ, ಕೊರಲೆಗಳ ಕಾಳು ಸಣ್ಣದು, ಪುಟ್ಟ ಕೊಕ್ಕಿನ ಹಕ್ಕಿಗಳಿಗೆ ಸಲೀಸು. ರಾಗಿಯನ್ನು ನಮ್ಮ ಹಕ್ಕಿಗಳು ಹಸಿಯಾಗಿದ್ದಾಗ ಮಾತ್ರ ಮುಟ್ಟುತ್ತವೆ.

ಎರಡನ್ನು ನಾನು ಬೆಳೆಯುವುದಿಲ್ಲ. ಜೋಳದ ಎಳೆ ಪೈರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ನೀರಿಲ್ಲದೆ ಬಾಡಿದ ಎಳೆ ಜೋಳ ಮೇಯ್ದು ದನ ಸತ್ತ ಕಥೆ ಹಳ್ಳಿಗಳಲ್ಲಿ ಹೊಸದಲ್ಲ. ಫಿಂಚ್‌ಗಳು ಕಾಳಿನ ಜತೆ ಎಲೆಯ ತುದಿಯನ್ನೂ ಕಚ್ಚುತ್ತವಾದ್ದರಿಂದ ಆ ಗೊಡವೆಯೇ ಬೇಡ. ಇನ್ನೊಂದು ಹಾರಕ. ತಿಂದರೆ ತಪ್ಪೇನಿಲ್ಲ, ಆದರೆ ಮಳೆಗೆ ಸಿಕ್ಕಿ ಅದರ ತೆನೆಗೆ ಶಿಲೀಂಧ್ರ ಹಿಡಿದರೆ ವಿಷವಾಗುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹಾರಕದ ಹೊಲ ಮೇಯ್ದ 10 ಕಾಡಾನೆಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಸೈಕ್ಲೋಪಿಯಾಜೋನಿಕ್ ಆಮ್ಲವೆಂಬ ಇಂಥದೇ ವಿಷ. ಜೀಬ್ರಾ ಫಿಂಚ್‌ನ ತೂಕ 12-15 ಗ್ರಾಂ.

ಧಾನ್ಯದ ಜತೆಗೆ ಒಂದು ದೊಡ್ಡ ಡ್ರಮ್ಮಿನಲ್ಲಿ ಗಿನಿ ಹುಲ್ಲಿನ ಬುಡ ನೆಟ್ಟುಕೊಳ್ಳಿ. ಹೈನುಗಾರರ ಬದುವಿನಲ್ಲಿ ಇರುತ್ತದೆ, ಕೇಳಿದರೆ ಒಂದು ಹಿಡಿ ಬೇರುಕಡ್ಡಿ ಕಿತ್ತುಕೊಡುತ್ತಾರೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯುತ್ತಲೇ ಇರಬಹುದು. ತೆನೆ ಮೇಲಿನಿಂದ ಕೆಳಕ್ಕೆ ಬಲಿಯುತ್ತಾ ಬಲಿತದ್ದು ಉದುರಿಹೋಗುವುದರಿಂದ ತುದಿಯ ಕಾಳು ಉದುರಲು ಶುರುವಾದ ದಿನವೇ ಕತ್ತರಿಸಬೇಕು. ನೆಲಕ್ಕೆ ಮಾತ್ರ ನೆಡಬೇಡಿ. ಬೀಜ ಉದುರಿಸಿಕೊಂಡು ಪಕ್ಕದ ಸೈಟಿಗೂ ಕಾಲಿಡುವ ಹುಲ್ಲು ಅದು.

ಬೀಜದಲ್ಲೇ ಎಡವಿದ್ದು

ನನ್ನ ಮೊದಲ ಬಿತ್ತನೆ ಹುಟ್ಟಲೇ ಇಲ್ಲ. ದಿನಸಿ ಅಂಗಡಿಯಿಂದ ಒಳ್ಳೆಯ ನವಣೆ ತಂದು ಬಿತ್ತಿದ್ದೆ. ಅದು ನವಣೆ ಅಕ್ಕಿ! ಸಿಪ್ಪೆ ತೆಗೆಯುವಾಗ ಮೊಳಕೆಯ ಭಾಗಕ್ಕೆ ಪೆಟ್ಟಾಗಿರುತ್ತದೆ, ಮಣ್ಣಿಗೆ ಹಾಕಿದರೆ ಕೊಳೆಯುತ್ತದೆ ಅಷ್ಟೆ. 2023ರ ಸಿರಿಧಾನ್ಯ ವರ್ಷದ ನಂತರ ಊರಿನ ಎಲ್ಲ ಅಂಗಡಿಗಳಲ್ಲೂ ಸಿರಿಧಾನ್ಯ ಬಂದಿದೆ, ಆದರೆ ಬಹುಪಾಲು ಅಕ್ಕಿಯ ರೂಪದಲ್ಲಿ. ನಿಮಗೆ ಬೇಕಾದ್ದು ಸಿಪ್ಪೆ ಸಮೇತ ಇರುವ, ಹೊಳಪಿನ ಇಡೀ ಕಾಳು.

ಬಿತ್ತನೆ ಬೀಜದ ಅಂಗಡಿಯಲ್ಲಿ ಕೊಳ್ಳುವಾಗ ಇನ್ನೊಂದು ಅಪಾಯ. ಗುಲಾಬಿ, ನೀಲಿ, ಹಸಿರು ಬಣ್ಣ ಮೆತ್ತಿದ ಬೀಜಕ್ಕೆ ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಸವರಿರುತ್ತಾರೆ. ಕೆಲವು ಕೀಟನಾಶಕಗಳು ಬೇರಿನಿಂದ ಗಿಡದ ಮೈಯೊಳಕ್ಕೇ ಹೋಗುತ್ತವೆ. ಅಂಥ ಬೀಜ ಹಕ್ಕಿಯ ತಟ್ಟೆಗೂ ಬೇಡ, ನಿಮ್ಮ ಕುಂಡಕ್ಕೂ ಬೇಡ. ಸಿರಿಧಾನ್ಯ ಬೆಳೆಯುವ ರೈತರಿಂದ ಅಥವಾ ದೇಸಿ ಬೀಜ ಮೇಳದಲ್ಲಿ ಉಪಚಾರವಿಲ್ಲದ ಬೀಜ ಕೇಳಿ ತನ್ನಿ. ಒಂದು ಹಿಡಿ ಸಾಕು. ನವಣೆಯ ಸಾವಿರ ಕಾಳು ಮೂರು ಗ್ರಾಂ ಕೂಡ ತೂಗುವುದಿಲ್ಲ.

ಹಕ್ಕಿಗೆಂದು ತಂದ ಕಂಗ್ನಿಯನ್ನೇ ಬಿತ್ತಬಹುದೇ? ಬಿತ್ತಬಹುದು, ಮೊದಲು ಪರೀಕ್ಷಿಸಿ. ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿಡಿ. ಐದನೇ ದಿನಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮೊಳೆತಿದ್ದರೆ ಬಿತ್ತನೆಗೆ ಯೋಗ್ಯ. ಮೂವತ್ತು-ನಲವತ್ತು ಮಾತ್ರ ಮೊಳೆತರೆ ಆ ಕಾಳು ಹಳೆಯದೆಂದು ಅರ್ಥ. ಅದನ್ನು ಹಕ್ಕಿಗೆ ಹಾಕುವುದೂ ಸರಿಯೇ ಎಂದು ಯೋಚಿಸಬೇಕಾದ ಮಾತು. ನಾನಂತೂ ಅಂಗಡಿ ಬದಲಿಸಿದೆ.

ಮಣ್ಣು, ಬಿತ್ತನೆ, ನೀರು

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಗಿಡ ಉದ್ದುದ್ದ ಬೆಳೆದು ಬಾಗುತ್ತದೆ, ತೆನೆ ಜೊಳ್ಳಾಗುತ್ತದೆ. ಹನ್ನೆರಡು ಇಂಚು ಅಗಲ, ಅಷ್ಟೇ ಆಳದ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಒಳ್ಳೆಯದು. ಪೇಂಟ್ ಬಕೆಟ್ಟು, ಒಡೆದ ಟಬ್ಬು ಯಾವುದಾದರೂ ನಡೆಯುತ್ತದೆ, ತಳದಲ್ಲಿ ತೂತಿರಲಿ. ಬಕೆಟ್ಟಿನ ಒಳಗೆ ಹಳೇ ಬಣ್ಣ ಅಂಟಿದ್ದರೆ ಬಿಡಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ. ಗೊಬ್ಬರ ಇದಕ್ಕಿಂತ ಹೆಚ್ಚು ಬೇಡ. ಇವೆಲ್ಲ ಬಡ ನೆಲದ ಬೆಳೆಗಳು. ಸಾರ ಜಾಸ್ತಿಯಾದರೆ ಎಲೆ ಕೊಬ್ಬಿ, ಮೊದಲ ಗಾಳಿಮಳೆಗೇ ಮಕಾಡೆ ಮಲಗುತ್ತವೆ.

ಮಣ್ಣನ್ನು ನೆನೆಸಿ, ಬೆರಳಿನಲ್ಲಿ ಗೀರೆಳೆದು ಕಾಳು ಉದುರಿಸಿ, ಒಂದು ಬೆರಳು ಗೆಣ್ಣಿನಷ್ಟು ಮಣ್ಣು ಮುಚ್ಚಿ. ಆಳಕ್ಕೆ ಬಿದ್ದ ಕಾಳು ಮೇಲೆ ಬರುವುದಿಲ್ಲ. ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ಅಲ್ಲಿಯವರೆಗೆ ಇರುವೆಗಳ ಮೇಲೆ ಕಣ್ಣಿಡಿ. ನಮ್ಮ ಮನೆಯಲ್ಲಿ ಒಂದೇ ರಾತ್ರಿಯಲ್ಲಿ ಒಂದು ಚೀಲದ ಬೀಜ ಖಾಲಿ ಮಾಡಿದ್ದವು. ಬೂದಿಯನ್ನು ಚೀಲದ ಸುತ್ತ ಉದುರಿಸಿದರೆ ಸ್ವಲ್ಪ ತಡೆಯುತ್ತವೆ.

ಪೈರು ಗೇಣುದ್ದ ಆದಾಗ ಒತ್ತಾಗಿರುವುದನ್ನು ಕಿತ್ತು, ಒಂದು ಚೀಲದಲ್ಲಿ ಒಂಬತ್ತು ಗಿಡ ಮಾತ್ರ ಉಳಿಸಿ. ಕೀಳಲು ಮನಸ್ಸಾಗುವುದಿಲ್ಲ, ಗೊತ್ತು. ಕಿತ್ತದ್ದನ್ನು ತೊಳೆದು ಪಂಜರಕ್ಕೆ ಹಾಕಿ, ಹಕ್ಕಿಗಳಿಗೆ ಹಸಿ ಸೊಪ್ಪಾಯಿತು. ಮೇಲ್ಮಣ್ಣು ಒಣಗಿದಾಗ ನೀರು ಹಾಕಿದರೆ ಸಾಕು. ಆದರೆ ಹೊಡೆ ತುಂಬಿದ ಮೇಲೆ, ಅಂದರೆ ಸುಳಿಯ ಎಲೆಯೊಳಗೆ ತೆನೆ ಉಬ್ಬಿ ಕಾಣತೊಡಗಿದ ಮೇಲೆ, ಒಂದು ದಿನವೂ ನೀರು ತಪ್ಪಿಸಬೇಡಿ. ಆಗ ಬಾಡಿದರೆ ಕಾಳು ಕಟ್ಟುವುದಿಲ್ಲ.

ಎಳೆ ಪೈರಿನ ನಡುವಿನ ಸುಳಿ ಒಣಗಿ, ಎಳೆದರೆ ಕೈಗೆ ಬಂದರೆ ಅದು ಸುಳಿನೊಣದ ಕಾಟ. ಆ ಗಿಡವನ್ನು ಕಿತ್ತು ಬಿಸಾಡಿ. ಹೇನು ಕಂಡರೆ ಪೈಪಿನ ನೀರಿನಿಂದ ತೊಳೆಯಿರಿ. ಔಷಧಿ ಯಾವುದೂ ಬೇಡ, ಬೇವಿನೆಣ್ಣೆಯನ್ನೂ ತೆನೆ ಬಂದ ಮೇಲೆ ಸಿಂಪಡಿಸಬೇಡಿ.

ಮೊದಲು ಬಿತ್ತನೆ, ಆಮೇಲೆ ಗೂಡು

ಬಹಳ ಜನ ಗೂಡಿನ ಪೆಟ್ಟಿಗೆ ತೂಗುಹಾಕಿ, ಮೊಟ್ಟೆ ಕಂಡ ಮೇಲೆ ಬೀಜ ಹುಡುಕಲು ಹೊರಡುತ್ತಾರೆ. ತೆನೆಗೆ ಹಾಲು ತುಂಬುವ ಹೊತ್ತಿಗೆ ಮರಿಗಳು ಗೂಡು ಬಿಟ್ಟು, ತಾವೇ ಕಾಳು ಬಿಡಿಸಿ ತಿನ್ನುತ್ತಿರುತ್ತವೆ. ಲೆಕ್ಕವನ್ನು ತಿರುವುಮುರುವು ಮಾಡಿಕೊಳ್ಳಿ.

ಜೀಬ್ರಾ ಜೋಡಿಗೆ ಗೂಡು ಕೊಟ್ಟರೆ ಹುಲ್ಲು ಸೇರಿಸಿ ಮೊದಲ ಮೊಟ್ಟೆ ಇಡಲು ಸುಮಾರು ಒಂದು ವಾರ. ದಿನಕ್ಕೊಂದರಂತೆ ನಾಲ್ಕರಿಂದ ಆರು ಮೊಟ್ಟೆ. ಕಾವು 12-14 ದಿನ. ಅಂದರೆ ಗೂಡು ಹಾಕಿದ ಮೂರೂವರೆ ವಾರಕ್ಕೆ ಮರಿ. ಅತ್ತ ಗಿಡದಲ್ಲಿ ಹೊಡೆ ತುಂಬಿದ ದಿನದಿಂದ ತೆನೆ ಹೊರಬಂದು, ಹೂವಾಗಿ, ಹಾಲು ತುಂಬುವುದಕ್ಕೂ ಮೂರು ವಾರದ ಮೇಲೆ ಚೂರು. ಹಾಗಾಗಿ ನನ್ನ ಕ್ರಮ ಇಷ್ಟೇ: ಮೊದಲ ಚೀಲದಲ್ಲಿ ಹೊಡೆ ಕಂಡ ದಿನ ಗೂಡು ತೂಗುಹಾಕುತ್ತೇನೆ. ಎರಡು ಮೂರು ದಿನ ಹೆಚ್ಚುಕಡಿಮೆ ಆಗಬಹುದು, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮರಿ 18-20 ದಿನಕ್ಕೆ ಗೂಡಿನಿಂದ ಹೊರಬಂದರೂ ಐದನೇ ವಾರದವರೆಗೆ ದೊಡ್ಡವೇ ಉಣಿಸುತ್ತವೆ. ಈ ಐದು ವಾರಕ್ಕೆ ಒಂದು ಜೋಡಿಗೆ ದಿನಕ್ಕೆ ಒಂದೂವರೆ-ಎರಡು ನವಣೆ ತೆನೆಯಂತೆ ಐವತ್ತರಿಂದ ಎಪ್ಪತ್ತು ತೆನೆ. ಒಂದು ಚೀಲದಲ್ಲಿ ತೆಂಡೆಯ ಚಿಕ್ಕ ತೆನೆಗಳೂ ಸೇರಿ ಹತ್ತು-ಹನ್ನೆರಡು ಸಿಗುತ್ತವೆ. ಆರು ಚೀಲ ಬೇಕಾಯಿತು. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಎಲ್ಲವೂ ಒಂದೇ ವಾರ ಹಾಲಾಗಿ, ಮುಂದಿನ ವಾರ ಬಲಿತುಹೋಗುತ್ತವೆ. ವಾರಕ್ಕೊಂದು ಚೀಲ ಬಿತ್ತಿ. ನಾನು ಭಾನುವಾರ ಬಿತ್ತುತ್ತೇನೆ, ಚೀಲದ ಮೇಲೆ ತಾರೀಖು ಬರೆದಿಡುತ್ತೇನೆ. ಮೊದಲ ಎರಡು ಬರಗು, ಉಳಿದ ನಾಲ್ಕು ನವಣೆ ಮಾಡುವುದಾದರೆ ನವಣೆಯ ಮೊದಲ ಚೀಲವನ್ನು ಬರಗಿನ ಎರಡನೆಯ ಚೀಲದ ಜತೆಗೇ ಬಿತ್ತಿಬಿಡಿ, ಅದು ತಡವಾಗಿ ಬರುವುದರಿಂದ ಸರಿಹೋಗುತ್ತದೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕದ ಬಿತ್ತನೆ ಎಲ್ಲಕ್ಕಿಂತ ಸುಲಭ. ಜನವರಿ ಕೊನೆಯಲ್ಲಿ ಬಿತ್ತಿ ನೀರು ಕೊಟ್ಟರೆ ಬೇಸಿಗೆಗೂ ಒಂದು ಬೆಳೆ ಬರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಬಿತ್ತಿದ್ದು ಚಳಿಗೆ ಕುಗ್ಗಿ, ಮೊಣಕಾಲೆತ್ತರಕ್ಕೇ ಬೆರಳುದ್ದದ ತೆನೆ ಬಿಟ್ಟಿತು. ಅದನ್ನು ಮತ್ತೆ ಮಾಡಿಲ್ಲ.

ಇನ್ನೊಂದು ಎಚ್ಚರ. ಹಸಿ ತೆನೆ ಸಿಕ್ಕರೆ ಫಿಂಚ್‌ಗಳ ಲೆಕ್ಕದಲ್ಲಿ ಮಳೆಗಾಲ ಬಂತು ಎಂದೇ ಅರ್ಥ, ಮೊಟ್ಟೆ ಇಡುತ್ತಲೇ ಹೋಗುತ್ತವೆ. ಹೆಣ್ಣು ಸೊರಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದೂ ಉಂಟು. ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಮರಿ ಮಾಡಿಸಿ ಗೂಡು ತೆಗೆದುಬಿಡಿ. ಗೂಡಿಲ್ಲದ ತಿಂಗಳುಗಳಲ್ಲಿ ವಾರಕ್ಕೆ ಎರಡು ತೆನೆ ಸಾಕು.

ತೆನೆಗೆ ಮುಸುಕು

ಎರಡನೇ ಪ್ರಯತ್ನದಲ್ಲಿ ಬೀಜ ಸರಿಯಿತ್ತು, ಬೆಳೆ ಚೆನ್ನಾಗಿ ಬಂತು, ತೆನೆ ಹಾಲಾದ ಬೆಳಿಗ್ಗೆ ಚುಕ್ಕೆ ರಾಟವಾಳಗಳ ದಂಡು ಇಳಿಯಿತು. ಜತೆಗೆ ಗುಬ್ಬಿಗಳು. ಸಂಜೆಗೆ ಜೊಳ್ಳು ಉಳಿದಿತ್ತು. ಕವಣೆ, ಅಟ್ಟಣೆ ಹೊಲದವರಿಗೆ ಸರಿ, ಮಹಡಿಯ ಮೇಲೆ ದಿನವಿಡೀ ಯಾರು ಕೂರುತ್ತಾರೆ?

ಹೂವು ಮುಗಿದ ಕೂಡಲೇ ಹಳೆಯ ಸೊಳ್ಳೆಪರದೆಯ ಬಟ್ಟೆಯನ್ನು ಚೀಲದಂತೆ ಹೊಲಿದು ಒಂದೊಂದು ಕುಂಡಕ್ಕೂ ತೊಡಿಸಿ, ಬುಡದಲ್ಲಿ ಕಟ್ಟಿ. ನಡುವೆ ಕೋಲು ನೆಟ್ಟು ಬಟ್ಟೆ ಬಿಗಿಯಾಗಿರುವಂತೆ ನೋಡಿಕೊಳ್ಳಿ. ದೊಡ್ಡ ಕಣ್ಣಿನ ನೈಲಾನ್ ಬಲೆ ಹಾಕಬೇಡಿ, ಗುಬ್ಬಿಯ ಕಾಲು ಸಿಕ್ಕಿಕೊಳ್ಳುತ್ತದೆ. ಈ ಮುಸುಕು ಹಕ್ಕಿಯನ್ನು ತಡೆಯುವುದಷ್ಟೇ ಅಲ್ಲ, ಹೊರಗಿನ ಹಕ್ಕಿಗಳ ಹಿಕ್ಕೆ ತೆನೆಯ ಮೇಲೆ ಬೀಳದಂತೆಯೂ ಕಾಯುತ್ತದೆ. ಪಂಜರದ ಹಕ್ಕಿಗೆ ರೋಗ ಬರುವ ದಾರಿಗಳಲ್ಲಿ ಅದೂ ಒಂದು. ರಾಟವಾಳಗಳಿಗೆಂದು ನಾನು ಈಗ ಒಂದು ಬಕೆಟ್ ಊದಲನ್ನು ದೂರದ ಮೂಲೆಯಲ್ಲಿ ತೆರೆದೇ ಬಿಡುತ್ತೇನೆ.

ಹಾಲುಗಾಳು ಗುರುತಿಸಿ, ಕೊಯ್ದು, ಕೊಡುವುದು

ತೆನೆಯ ನಡುಭಾಗದಿಂದ ಒಂದು ಕಾಳು ಕಿತ್ತು ಉಗುರಿನಿಂದ ಒತ್ತಿ. ನೀರು ಬಂದರೆ ಇನ್ನೂ ಮೂರು ದಿನ ಬೇಕು. ಬಿಳಿ ಹಾಲು ಚಿಮ್ಮಿದರೆ ಇವತ್ತೇ ಕೊಯ್ಯಿರಿ. ಹಿಟ್ಟಿನ ಮುದ್ದೆಯಂತೆ ಹಿಸುಕಿದರೆ ಅದೂ ಒಳ್ಳೆಯದೇ, ಸ್ವಲ್ಪ ದೊಡ್ಡ ಮರಿಗಳಿಗೆ ಇನ್ನೂ ವಾಸಿ. ಉಗುರಿಗೆ ಸಿಗದಷ್ಟು ಗಟ್ಟಿಯಾಗಿದ್ದರೆ ಹಸಿ ತೆನೆಯ ಕಾಲ ಮುಗಿಯಿತು, ಅದನ್ನು ಮಾಗಲು ಬಿಡಿ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಂದು ಗೇಣು ಕಾಂಡ ಸಮೇತ ಕತ್ತರಿಸಿ. ಕಾಳಿನ ಜಾಗದಲ್ಲಿ ಕಾಡಿಗೆಯಂಥ ಪುಡಿ, ಜೇನಿನಂಥ ಅಂಟು, ಬೂಷ್ಟು ಕಂಡರೆ ಇಡೀ ತೆನೆಯನ್ನು ಎಸೆಯಿರಿ, ಆ ಭಾಗ ಮಾತ್ರ ಕತ್ತರಿಸಿ ಉಳಿದದ್ದು ಕೊಡುವ ಜಿಪುಣತನ ಬೇಡ. ಹರಿಯುವ ನೀರಿನಲ್ಲಿ ತೊಳೆದು, ಕೊಡವಿ, ಪಂಜರದ ಕಂಬಿಗೆ ಬಟ್ಟೆ ಕ್ಲಿಪ್ಪಿನಿಂದ ಕೂರುವ ಕಡ್ಡಿಯ ಹತ್ತಿರ ಸಿಕ್ಕಿಸಿ. ಕುಡಿಯುವ ನೀರಿನ ಮೇಲೆ, ಹಿಕ್ಕೆ ಬೀಳುವ ಜಾಗದಲ್ಲಿ ಬೇಡ. ಬೆಳಿಗ್ಗೆ ಕೊಟ್ಟದ್ದನ್ನು ಸಂಜೆಯೊಳಗೆ ತೆಗೆಯಿರಿ, ಏಪ್ರಿಲ್ ಬಿಸಿಲಿನಲ್ಲಾದರೆ ಮಧ್ಯಾಹ್ನಕ್ಕೇ.

ಬರೀ ಒಣ ಕಾಳಿನಲ್ಲಿ ಬೆಳೆದ ಹಕ್ಕಿ ಮೊದಲ ದಿನ ತೆನೆಗೆ ಹೆದರಿ ಮೂಲೆ ಸೇರಬಹುದು. ಅಲ್ಲೇ ಬಿಡಿ, ಒಂದು ಧೈರ್ಯ ಮಾಡಿದರೆ ಉಳಿದವು ಹಿಂದೆಯೇ ಬರುತ್ತವೆ. ಮೊದಲ ವಾರ ದಿನಕ್ಕೆ ಅರ್ಧ ತೆನೆ ಮಾತ್ರ ಕೊಡಿ, ಒಮ್ಮೆಲೇ ಹೆಚ್ಚಾದರೆ ಹಿಕ್ಕೆ ನೀರಾಗುತ್ತದೆ. ಹಸಿ ತೆನೆ ಇದೆಯೆಂದು ಒಣ ಕಾಳಿನ ತಟ್ಟೆ ಖಾಲಿ ಇಡಬಾರದು. ಬೇಯಿಸಿದ ಮೊಟ್ಟೆ, ಸುಣ್ಣದ ಅಂಶಕ್ಕೆ ಸಮುದ್ರನೊರೆ ಇದ್ದೇ ಇರಲಿ. ಸಾಕುಪ್ರಾಣಿ ಅಂಗಡಿಯ ಕಟಲ್‌ಬೋನ್ ಮತ್ತು ಗ್ರಂಧಿಗೆ ಅಂಗಡಿಯ ಸಮುದ್ರನೊರೆ ಒಂದೇ ವಸ್ತು.

ಮಿಕ್ಕ ತೆನೆ

ಹಾಲುಗಾಳಿನ ತೆನೆ ಹೆಚ್ಚಾದರೆ ತೊಳೆದು, ನೆರಳಿನಲ್ಲಿ ಮೇಲ್ನೀರು ಆರಿಸಿ, ನಾಲ್ಕು ನಾಲ್ಕರಂತೆ ಜಿಪ್ ಕವರಿನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ನಾಲ್ಕೈದು ತಿಂಗಳು ಚೆನ್ನಾಗಿರುತ್ತದೆ. ಕೊಡುವ ಮೊದಲು ಹೊರಗಿಟ್ಟು ತಣ್ಣಗಿನದು ಹೋಗಲಿ. ಕರಗಿದ ತೆನೆ ಬೇಗ ಹಳಸುವುದರಿಂದ ಎರಡು ಮೂರು ಗಂಟೆಯಲ್ಲಿ ತೆಗೆಯಬೇಕು, ಮತ್ತೆ ಫ್ರೀಜರ್‌ಗೆ ಹಾಕಬಾರದು. ಮನೆಯವರ ಐಸ್‌ಕ್ರೀಂ ಡಬ್ಬಿಯ ಪಕ್ಕ ಹುಲ್ಲು ಇಡುವುದಕ್ಕೆ ಒಪ್ಪಿಗೆ ಪಡೆಯುವುದು ನಿಮಗೆ ಬಿಟ್ಟದ್ದು.

ಮಾಗಿದ ನವಣೆ ತೆನೆಗಳನ್ನು ಕಟ್ಟು ಕಟ್ಟಿ ತಲೆಕೆಳಗಾಗಿ ಗಾಳಿಯಾಡುವ ಕಡೆ ಎರಡು ವಾರ ತೂಗುಹಾಕಿ. ಆಮೇಲೆ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು ತೆಗೆದರೆ ಒಳಗಿನ ಹುಳುಮೊಟ್ಟೆ ಸಾಯುತ್ತದೆ. ನಂತರ ಡಬ್ಬಿಗೆ ಹಾಕಿ. ಅಂಗಡಿಯ ಸ್ಪ್ರೇ ಮಿಲೆಟ್ ಎಂದರೆ ಇದೇ. ಮುಂದಿನ ಬಿತ್ತನೆಗೆ ಎಲ್ಲಕ್ಕಿಂತ ದಪ್ಪನೆಯ ಎರಡು ತೆನೆಯನ್ನು ಫ್ರೀಜರ್‌ಗೆ ಹಾಕದೆ ಬೇರೆ ಎತ್ತಿಡಿ.

ಬೀದಿಬದಿಯ ಹುಲ್ಲು

ಖಾಲಿ ಸೈಟಿನಲ್ಲಿ ಪುಕ್ಕಟೆ ಹುಲ್ಲು ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಗರಿಕೆ, ಕಾಡು ರಾಗಿಯ ತೆನೆ ಫಿಂಚ್‌ಗಳಿಗೆ ಒಳ್ಳೆಯದೇ. ಆದರೆ ಆ ಸೈಟಿಗೆ ಯಾರು ಯಾವಾಗ ಕಳೆನಾಶಕ ಹೊಡೆದರೋ ಗೊತ್ತಾಗುವುದಿಲ್ಲ, ನಾಯಿಗಳ ಗಲೀಜು ಬೇರೆ. ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುರೋಮದ, ನವಣೆಯನ್ನೇ ಹೋಲುವ ಒಂದು ಹುಲ್ಲಿದೆ. ಅದನ್ನು ನವಣೆಯ ತಮ್ಮ ಎಂದುಕೊಂಡು ನಾನೇ ಒಮ್ಮೆ ತಂದು ಹಾಕಿದ್ದೆ. ಹತ್ತು ನಿಮಿಷದಲ್ಲಿ ಒಂದು ಮರಿ ಎದೆಯ ಪುಕ್ಕಕ್ಕೆ ತೆನೆ ಅಂಟಿಸಿಕೊಂಡು ಒದ್ದಾಡುತ್ತಿತ್ತು. ಬೆರಳಿನಿಂದ ತೆನೆಯನ್ನು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಸವರಿ ನೋಡಿ, ಚರ್ಮಕ್ಕೆ ಕಚ್ಚಿಕೊಂಡರೆ ಅದು ಹಕ್ಕಿಗಲ್ಲ. ಚೂಪು ಊಬಿನ ಹುಲ್ಲೂ ಅಷ್ಟೇ, ಕಣ್ಣಿಗೆ, ಗಂಟಲಿಗೆ ಚುಚ್ಚುತ್ತದೆ.

ಕೊಯ್ಲು ಮುಗಿದ ಕುಂಡದಲ್ಲಿ ಉಳಿದ ನವಣೆ ಕಡ್ಡಿ, ಗಿನಿ ಹುಲ್ಲಿನ ಕಾಳುದುರಿದ ತೆನೆಯ ಎಳೆಗಳನ್ನು ಬಿಸಾಡಬೇಡಿ. ಬಿಸಿಲಿಗೆ ಒಣಗಿಸಿ, ಬೆರಳುದ್ದ ಕತ್ತರಿಸಿ ಒಂದು ಚೀಲದಲ್ಲಿಡಿ. ಅಂಗಡಿಯಲ್ಲಿ ಗೂಡಿಗೆಂದು ಮಾರುವ ದಾರ, ಹತ್ತಿಗಳು ಮರಿಯ ಕಾಲಿಗೆ ಸುತ್ತಿಕೊಳ್ಳುತ್ತವೆ, ಹುಲ್ಲು ಸುತ್ತಿಕೊಳ್ಳುವುದಿಲ್ಲ. ಮುಂದಿನ ಸಲ ಹೊಡೆ ಕಂಡು ಗೂಡು ತೂಗುಹಾಕಿದ ದಿನ ಒಂದು ಹಿಡಿ ಪಂಜರದ ನೆಲದ ಮೇಲೆ ಚೆಲ್ಲಿ. ಗಂಡು ಒಂದೊಂದೇ ಎಳೆ ಎತ್ತಿಕೊಂಡು ಪೆಟ್ಟಿಗೆಯೊಳಕ್ಕೆ ನುಗ್ಗುತ್ತದೆ.